ಮುಳುಗಿದ ಹಡಗಿನ ಹೊನ್ನು, ಹೆಸರಿಲ್ಲದ ಖಲಾಸಿ

ಕಡಲ ತಳದಿಂದ ಎತ್ತಿ ತಂದ ಹಳೆಯ ಬಂಗಾರದ ನಾಣ್ಯವನ್ನು ಕೊಂಡವರಿಗೆ ಅದರ ಜೊತೆಗೆ ಒಂದು ಪ್ರಮಾಣಪತ್ರವೂ ಸಿಗುತ್ತದೆ. ಹಡಗಿನ ಹೆಸರು, ಅದು ಮುಳುಗಿದ ವರ್ಷ, ನಾಣ್ಯದ ತೂಕ, ಅದನ್ನು ಅಚ್ಚು ಹಾಕಿದ ಟಂಕಸಾಲೆ, ಅದು ಎಷ್ಟು ಸವೆದಿದೆ ಎಂಬ ದರ್ಜೆ, ಇವೆಲ್ಲ ಆ ಕಾಗದದಲ್ಲಿರುತ್ತವೆ. ನಾಣ್ಯವನ್ನು ಕೈ ಸೋಕದಂತೆ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಮುದ್ರೆ ಒತ್ತಿರುತ್ತಾರೆ. ಬಂಗಾರದ ತೂಕಕ್ಕೆ ಒಂದು ಬೆಲೆ. ಅದು ಮುಳುಗಿದ ಹಡಗಿನದು ಎಂಬ ಕಾರಣಕ್ಕೆ ಅದರ ಮೇಲೆ ಇನ್ನೊಂದು ಬೆಲೆ. ಆ ಎರಡನೆಯ ಬೆಲೆ ಯಾವುದಕ್ಕೆ ಎಂದು ಕೇಳಿದರೆ ಮಾರುವವರು 'ಇತಿಹಾಸಕ್ಕೆ' ಎನ್ನುತ್ತಾರೆ.

ಆ ಇತಿಹಾಸದಲ್ಲಿ ಸಾಮಾನ್ಯವಾಗಿ ಒಂದು ಸಂಗತಿ ಇರುವುದಿಲ್ಲ. ಹಡಗು ಮುಳುಗುವಾಗ ಅದರೊಳಗೆ ಯಾರಿದ್ದರು, ಯಾರು ಕಲ್ಲಿದ್ದಲು ಹಾಕುತ್ತಿದ್ದರು, ಯಾರು ಡೆಕ್ಕು ತೊಳೆಯುತ್ತಿದ್ದರು, ಅವರಲ್ಲಿ ಎಷ್ಟು ಜನ ಮನೆಗೆ ಮರಳಲಿಲ್ಲ ಎಂಬುದು. ಹಡಗು ಮುಳುಗದೆ ಬಂದರು ಸೇರಿದ್ದರೆ ಆ ನಾಣ್ಯಕ್ಕೆ ಬಂಗಾರದ ಬೆಲೆ ಮಾತ್ರ ಇರುತ್ತಿತ್ತು. ಅಂದಮೇಲೆ ಆ ಎರಡನೆಯ ಬೆಲೆ ಹುಟ್ಟಿದ್ದೇ ಅವರ ಸಾವಿನಿಂದ. ಸತ್ತವರ ಹೆಸರನ್ನು ತೆಗೆದುಹಾಕಿ ಅವರ ಸಾವನ್ನು ಮಾರುವ ಈ ವ್ಯಾಪಾರದ ಬಗ್ಗೆಯೇ ನಮ್ಮ ತಕರಾರು.

ಗದಗ-ಬೆಟಗೇರಿಗೂ ಕಡಲಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ನಮ್ಮ ಸೀಮೆಗೆ ಮುಂಡರಗಿಯ ಅಂಚಿನಲ್ಲಿ ಹರಿಯುವ ತುಂಗಭದ್ರೆಯೇ ದೊಡ್ಡ ನೀರು. ಆದರೆ ನಾಣ್ಯ ಸಂಗ್ರಹದ ಹವ್ಯಾಸ ಈಗ ಮಹಾನಗರಗಳ ಸ್ವತ್ತಾಗಿ ಉಳಿದಿಲ್ಲ. ಸರಾಫ ಬಜಾರಿನಲ್ಲಿ ಕುಳಿತವರು, ಕೊಲ್ಲಿ ದೇಶದಲ್ಲಿ ದುಡಿದು ಬಂದವರು, ನಿವೃತ್ತ ಮಾಸ್ತರರು ಎಲ್ಲರೂ ಇದರಲ್ಲಿದ್ದಾರೆ. ಹವ್ಯಾಸ ತಪ್ಪಲ್ಲ. ಅದಲ್ಲದೆ ಹೊನ್ನಿನ ವಿಷಯದಲ್ಲಿ ನಮ್ಮ ಸೀಮೆಗೆ ಮಾತಾಡುವ ಹಕ್ಕು ಸಾವಿರ ವರ್ಷಗಳಷ್ಟು ಹಳೆಯದು.

ಗದಗದಿಂದ ಹನ್ನೊಂದು-ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಟಂಕಸಾಲೆ ಇದ್ದ ಊರು. ಆಗಿನ ಅದರ ಹೆಸರು ಲೊಕ್ಕಿಗುಂಡಿ. ಅಲ್ಲಿಯ ಹೊನ್ನು ಶಾಸನಗಳಲ್ಲಿ ಲೊಕ್ಕಿಯ ಗದ್ಯಾಣವೆಂದೇ ಹೆಸರಾಗಿದೆ. ರೋಣ ತಾಲ್ಲೂಕಿನ ಸೂಡಿಯಲ್ಲೂ ಟಂಕಸಾಲೆ ಇತ್ತು. ಮುಂಡರಗಿ, ಶಿರಹಟ್ಟಿ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಬಂಗಾರದ ಕಣ ಹೆಕ್ಕುತ್ತಿದ್ದ ಜಲಗಾರರ ಬಗ್ಗೆ 19ನೆಯ ಶತಮಾನದ ಇಂಗ್ಲಿಷರು ಬರೆದಿಟ್ಟಿದ್ದಾರೆ. 20ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಕಂಪನಿಗಳು ಅದೇ ಗುಡ್ಡದಲ್ಲಿ ಗಣಿ ತೋಡಿ, ಕೆಲವೇ ವರ್ಷಗಳಲ್ಲಿ ಬಿಟ್ಟುಹೋದವು.

ಲಕ್ಕುಂಡಿ, ಲಕ್ಷ್ಮೇಶ್ವರಗಳ ಶಾಸನಗಳ ರೀತಿಯನ್ನು ಗಮನಿಸಿ. ದಾನ ಕೊಟ್ಟವರು ಯಾರು, ಯಾರಿಗೆ ಕೊಟ್ಟರು, ಯಾವ ಕೆಲಸಕ್ಕೆ, ಎಷ್ಟು ಗದ್ಯಾಣ ಎಂದು ಕಲ್ಲಿನಲ್ಲಿ ಕೊರೆದಿರುತ್ತದೆ. ರಾಜರು, ದಂಡನಾಯಕರು ಮಾತ್ರವಲ್ಲ, ಗಾಣದವರು, ಎಲೆಬಳ್ಳಿಯ ತೋಟದವರು, ಸಂತೆಯ ವರ್ತಕರು ಕೊಟ್ಟ ಹಾಗ, ವೀಸಗಳಂಥ ಚಿಲ್ಲರೆಗೂ ಶಾಸನಗಳಲ್ಲಿ ಜಾಗವಿದೆ. ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳೆಂದು ನಾವಿಂದು ತಿಳಿದಿರುವುದು ಆ ಕಲ್ಲು ಮಾತಾಡಿದ್ದರಿಂದ. ಆ ಕಾಲದ ಗದ್ಯಾಣಗಳಲ್ಲಿ ಬಹುಪಾಲು ಕರಗಿ ಯಾವ ಯಾವುದೋ ಕೊರಳು, ಕೈ ಸೇರಿವೆ. ಆದರೂ ಅವುಗಳ ಇತಿಹಾಸ ಉಳಿದಿದೆ. ಕಡಲಿನಿಂದ ಬಂದ ನಾಣ್ಯದ ಕತೆ ಇದಕ್ಕೆ ತೀರ ತಿರುಗುಮುರುಗು. ಅಲ್ಲಿ ಬಂಗಾರ ಹೊಳೆಯುತ್ತ ಉಳಿದಿದೆ, ಯಾರು ಯಾರಿಗೆ ಯಾಕೆ ಎಂಬುದು ಅಳಿಸಿಹೋಗಿದೆ.

ಕಡಲು ದಾಟಿ ಬಂದ ಬಂಗಾರವೂ ನಮಗೆ ಹೊಸದಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳ ಪುತಳಿ ಸರವನ್ನು ನೋಡಿದವರು ಆ ಬಿಲ್ಲೆಗಳ ಮೇಲಿನ ಗೊಂಬೆಗಳನ್ನು ನೋಡಿಯೇ ಇರುತ್ತಾರೆ. ಆ ಬಿಲ್ಲೆಯ ಮೂಲ ಇಟಲಿಯ ವೆನಿಸ್ ನಗರದ ಡುಕಾಟ್ ಎಂಬ ನಾಣ್ಯ. ಒಂದೊಂದೂ ಮೂರೂವರೆ ಗ್ರಾಂ ತೂಕದ ಅಪ್ಪಟ ಬಂಗಾರ. ವೆನಿಸ್‌ನ ದೊರೆ ಸಂತ ಮಾರ್ಕನ ಎದುರು ಮೊಣಕಾಲೂರಿದ ಚಿತ್ರ ಒಂದು ಬದಿಗೆ, ನಕ್ಷತ್ರಗಳ ನಡುವೆ ನಿಂತ ಏಸುವಿನ ಚಿತ್ರ ಇನ್ನೊಂದು ಬದಿಗೆ. ಮೆಣಸು, ಬಟ್ಟೆ ಕೊಳ್ಳಲು ಕೆಂಪು ಸಮುದ್ರದ ದಾರಿಯಾಗಿ ಬಂದ ಈ ನಾಣ್ಯವನ್ನು ನಮ್ಮವರು 'ಪುತಳಿ' ಎಂದು ಕರೆದು, ಅಕ್ಕಸಾಲಿಗರಿಂದ ಅದರಂಥವೇ ಬಿಲ್ಲೆ ಮಾಡಿಸಿ ಕೊರಳಿಗೆ ಹಾಕಿಕೊಂಡರು. ಅದು ಬರಗಾಲದಲ್ಲಿ ಒತ್ತೆ ಹೋಯಿತು, ಸುಗ್ಗಿಯಲ್ಲಿ ಬಿಡಿಸಿಕೊಂಡು ಬಂತು, ಮಗಳ ಮದುವೆಗೆ ಇಳಿಯಿತು. ಅದು ಯಾರ ಕೊರಳಿನದು ಎಂದು ಮನೆಮಂದಿಗೆಲ್ಲ ಗೊತ್ತಿತ್ತು. ಕಡಲಿನಿಂದ ಬಂದ ಬಂಗಾರ ಮನುಷ್ಯರ ನಡುವೆ ಬಾಳಿದ್ದು ಹೀಗೆ.

ಈಗ ಇನ್ನೊಂದು ಬಗೆಯ ಬಂಗಾರದ ಕತೆಗೆ ಬರೋಣ. 1922ರ ಮೇ ತಿಂಗಳಲ್ಲಿ ಪಿ ಆ್ಯಂಡ್ ಓ ಕಂಪನಿಯ 'ಈಜಿಪ್ಟ್' ಎಂಬ ಹಡಗು ಲಂಡನ್ ಬಳಿಯ ಟಿಲ್ಬರಿಯಿಂದ ಮುಂಬಯಿಗೆ ಹೊರಟಿತು. ಅದರಲ್ಲಿ ಬಂಗಾರದ ಗಟ್ಟಿ, ಬೆಳ್ಳಿಯ ಗಟ್ಟಿ ಮತ್ತು 1,65,979 ಬಂಗಾರದ ಸವರನ್ ನಾಣ್ಯಗಳಿದ್ದವು. ಒಂದು ಸವರನ್ ಎಂದರೆ ಸುಮಾರು ಎಂಟು ಗ್ರಾಂ. ನಾಣ್ಯಗಳ ತೂಕವೇ 1,300 ಕಿಲೋಗೂ ಮೇಲಾಗುತ್ತದೆ. ನಿಜಾಮರ ಸರ್ಕಾರಕ್ಕಾಗಿ ಇಂಗ್ಲೆಂಡಿನಲ್ಲಿ ಅಚ್ಚಾದ ಹೈದರಾಬಾದ್ ಸಂಸ್ಥಾನದ ನೋಟುಗಳೂ ಅದರಲ್ಲಿದ್ದವು. ಮುಂಡರಗಿಯಿಂದ ಆಚೆ ಕೊಪ್ಪಳ ಸೀಮೆ ಆಗ ನಿಜಾಮರದು. ಅಂದರೆ ನಮ್ಮ ನೆರೆಯವರ ಸಂತೆಯಲ್ಲಿ ಚಲಾವಣೆಯಾಗಬೇಕಿದ್ದ ಹಣವೂ ಆ ಹಡಗಿನಲ್ಲಿತ್ತು.

ಮೇ 20ರ ಸಂಜೆ ಫ್ರಾನ್ಸಿನ ಕರಾವಳಿಯ ಆಚೆ ದಟ್ಟ ಮಂಜಿನಲ್ಲಿ 'ಸೇನ್' ಎಂಬ ಫ್ರೆಂಚ್ ಹಡಗು ಇದಕ್ಕೆ ಡಿಕ್ಕಿ ಹೊಡೆಯಿತು. ಇಪ್ಪತ್ತು ನಿಮಿಷದೊಳಗೆ ಎಲ್ಲ ಮುಗಿಯಿತು. ಮುನ್ನೂರಕ್ಕೂ ಹೆಚ್ಚು ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಪ್ರಯಾಣಿಕರಿಗಿಂತ ಹಡಗಿನ ಕೆಲಸಗಾರರೇ ಬಹಳ. ಆ ಕೆಲಸಗಾರರಲ್ಲಿ ಬಹುಪಾಲು ಭಾರತದ ಖಲಾಸಿಗಳು.

ಆಮೇಲೆ ನಡೆದದ್ದನ್ನು ನೋಡಿ. ಬಂಗಾರಕ್ಕೆ ವಿಮೆ ಇತ್ತು. ಲಾಯ್ಡ್ಸ್‌ನ ವಿಮೆದಾರರು ಬಂಗಾರದ ಒಡೆಯರಿಗೆ ಬೇಗನೆ ಹಣ ಕೊಟ್ಟರು. ಖಲಾಸಿಗಳ ಪಾಲಿಗೆ ಬಂದದ್ದು ನಿಂದೆ. ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಈ ಭಾರತೀಯರು ಗಾಬರಿಬಿದ್ದು ದೋಣಿಗಳಿಗೆ ಮುಗಿಬಿದ್ದರು, ಶಿಸ್ತು ತಿಳಿಯದ ಜನ ಎಂಬ ಮಾತು ಹಬ್ಬಿತು. ಆದರೆ ವಿಚಾರಣೆಯ ಕೊನೆಯಲ್ಲಿ ಆರು ತಿಂಗಳ ಮಟ್ಟಿಗೆ ಅಮಾನತಾದದ್ದು ಇಂಗ್ಲಿಷ್ ಕಪ್ತಾನನ ಪರವಾನಗಿ. ದೋಣಿ ಇಳಿಸುವ ಕವಾಯತು ಮಾಡಿಸದ ತಪ್ಪು ಮೇಲಿನವರದಾಗಿತ್ತು. ಹೆಸರು ಕೆಟ್ಟದ್ದು ಕೆಳಗಿನವರದು.

ಇಟಲಿಯ ಸೋರಿಮಾ ಎಂಬ ಕಂಪನಿ 'ಆರ್ತಿಲಿಯೊ' ಎಂಬ ಹಡಗಿನಿಂದ ಆ ಬಂಗಾರವನ್ನು ಹುಡುಕಿತು. 1930ರ ಡಿಸೆಂಬರಿನಲ್ಲಿ ಇನ್ನೊಂದು ಮುಳುಗಿದ ಹಡಗಿನ ಮದ್ದುಗುಂಡು ಸಿಡಿದು ಆ ಹಡಗೂ ನಾಶವಾಯಿತು, ಅದರ ಪ್ರಮುಖ ಮುಳುಗುಗಾರರು ಸತ್ತರು. ಬೇರೆ ಹಡಗು ತಂದು ಕೆಲಸ ಮುಂದುವರಿಸಿದರು. 1932ರ ಜೂನ್ 22ರಂದು ಮೊದಲ ಬಂಗಾರ ಮೇಲೆ ಬಂತು. 1935ರ ಹೊತ್ತಿಗೆ ಹೆಚ್ಚೂಕಡಿಮೆ ಎಲ್ಲವನ್ನೂ ಎತ್ತಿದ್ದರು. ನೂರು ಮೀಟರಿಗೂ ಆಳದಿಂದ ಒಂದೊಂದೇ ಸವರನ್ ಎಣಿಸಿ ತೆಗೆದ ಆ ಸಾಹಸವನ್ನು ಹೊಗಳುವ ಪುಸ್ತಕಗಳಿವೆ. ಹಡಗಿನಿಂದ ಸಿಕ್ಕ ಹೈದರಾಬಾದಿನ ನೋಟುಗಳು ಇಂದಿಗೂ ಲಂಡನ್ನಿನ ಹರಾಜುಗಳಲ್ಲಿ ಮಾರಾಟಕ್ಕೆ ಬರುತ್ತವೆ, 'ಈಜಿಪ್ಟ್' ಹಡಗಿನವು ಎಂಬ ಹೆಮ್ಮೆಯ ಚೀಟಿಯೊಂದಿಗೆ. 1918ರಲ್ಲಿ ಮುಂಬಯಿಗೆ ಬರುತ್ತ ಟಾರ್ಪೆಡೊ ತಗುಲಿ ಮುಳುಗಿದ 'ಶಿರಾಲಾ' ಹಡಗಿನ ಹತ್ತು ರೂಪಾಯಿ ನೋಟುಗಳು 2024ರಲ್ಲಿ ಇದೇ ರೀತಿ ಲಂಡನ್ನಿನ ಹರಾಜಿಗೆ ಬಂದವು. ಕಾಗದದ ನೋಟಿಗೂ ವಂಶಾವಳಿ ಇದೆ. ಖಲಾಸಿಗೆ ಇಲ್ಲ.

ನಮ್ಮ ನಾಡಿಗೆ ಇನ್ನೂ ಹತ್ತಿರದ ಹೆಸರೊಂದಿದೆ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ ಯಾರಿಗೆ ಗೊತ್ತಿಲ್ಲ? 16ನೆಯ ಶತಮಾನದಲ್ಲಿ ಮೆಣಸಿನ ರಾಣಿ ಎನಿಸಿದ ಚೆನ್ನಭೈರಾದೇವಿ ಆಳಿದ ಊರದು. ಜೋಗದ ಜಲಪಾತವನ್ನು ಇಂಗ್ಲಿಷರು ಈ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ತನ್ನ ಹಡಗೊಂದಕ್ಕೆ 'ಗೇರ್ಸೊಪ್ಪಾ' ಎಂದು ಹೆಸರಿಟ್ಟಿತ್ತು. 1940ರ ಡಿಸೆಂಬರಿನಲ್ಲಿ ಅದು ಬೆಳ್ಳಿ, ಚಹಾ, ಕಚ್ಚಾ ಕಬ್ಬಿಣ ಹೇರಿಕೊಂಡು ಕಲ್ಕತ್ತೆಯಿಂದ ಬ್ರಿಟನ್ನಿಗೆ ಹೊರಟಿತು. ಕಲ್ಲಿದ್ದಲು ಸಾಲದೆ ಜೊತೆಯ ಹಡಗುಗಳಿಂದ ಬೇರೆಯಾಗಿ ಐರ್ಲೆಂಡಿನ ಗಾಲ್ವೇ ಬಂದರಿನ ಕಡೆ ತಿರುಗಿತು. 1941ರ ಫೆಬ್ರುವರಿಯಲ್ಲಿ ಜರ್ಮನರ ಜಲಾಂತರ್ಗಾಮಿ ಅದನ್ನು ಹೊಡೆದು ಮುಳುಗಿಸಿತು. ಹಡಗಿನಲ್ಲಿದ್ದವರು 86 ಜನ. ಬದುಕಿ ಉಳಿದವನು ಒಬ್ಬನೇ, ಎರಡನೆಯ ಅಧಿಕಾರಿ ರಿಚರ್ಡ್ ಏಯರ್ಸ್. ಹದಿಮೂರು ದಿನ ದೋಣಿಯಲ್ಲಿ ತೇಲಿ ಅವನು ಇಂಗ್ಲೆಂಡಿನ ದಂಡೆ ಮುಟ್ಟಿದ. ಅವನ ದೋಣಿಯಲ್ಲಿದ್ದ ಖಲಾಸಿಗಳು ಹಸಿವು, ಬಾಯಾರಿಕೆ, ಚಳಿಗೆ ಸಿಕ್ಕು ಒಬ್ಬೊಬ್ಬರಾಗಿ ಸತ್ತಿದ್ದರು. ಏಯರ್ಸ್ ಧೈರ್ಯಶಾಲಿ, ಅವನಿಗೆ ಪದಕ ಸಿಕ್ಕಿದ್ದು ನ್ಯಾಯವೇ. ದೋಣಿಯಲ್ಲಿ ಅವನ ಜೊತೆ ನರಳಿದವರ ಹೆಸರು ಹೇಳಿ ಎಂದರೆ ಮಾತ್ರ ಹಡಗಿನ ಕತೆ ಬಲ್ಲವರೂ ತಡವರಿಸುತ್ತಾರೆ.

2010ರಲ್ಲಿ ಬ್ರಿಟಿಷ್ ಸರ್ಕಾರ ಆ ಬೆಳ್ಳಿಯನ್ನು ಎತ್ತುವ ಗುತ್ತಿಗೆಯನ್ನು ಅಮೆರಿಕದ ಒಡಿಸ್ಸಿ ಮೆರೈನ್ ಕಂಪನಿಗೆ ಕೊಟ್ಟಿತು. ಖರ್ಚು ಕಳೆದು ಉಳಿದದ್ದರಲ್ಲಿ ನೂರಕ್ಕೆ 80 ಕಂಪನಿಗೆ, 20 ಸರ್ಕಾರಕ್ಕೆ. ಸುಮಾರು 4,700 ಮೀಟರ್ ಆಳದಿಂದ 2012ರಲ್ಲಿ 1,218 ಬೆಳ್ಳಿಯ ಗಟ್ಟಿಗಳು, 2013ರಲ್ಲಿ 1,574 ಗಟ್ಟಿಗಳು ಬಂದವು. ಎರಡೂ ಸೇರಿ ನೂರು ಟನ್ನಿಗೂ ಮೇಲೆ. 2014ರಲ್ಲಿ ಬ್ರಿಟನ್ನಿನ ರಾಯಲ್ ಮಿಂಟ್ ಇದೇ ಬೆಳ್ಳಿಯಿಂದ 20,000 ಚಿಕ್ಕ ನಾಣ್ಯಗಳನ್ನು ಹೊಡೆದು, ಅಂಚಿನಲ್ಲಿ ಹಡಗಿನ ಹೆಸರು ಕೊರೆದು, ಸಂಗ್ರಾಹಕರಿಗೆ ಮಾರಿತು. ಭಾರತದಿಂದ ಹೋದ ಬೆಳ್ಳಿ, ಕನ್ನಡ ನಾಡಿನ ಊರಿನ ಹೆಸರು, ಸತ್ತವರಲ್ಲಿ ಬಹುಪಾಲು ಭಾರತೀಯರು. ಪಾಲು ಹಂಚುವಾಗ ಇವರ ಮಾತೇ ಬರಲಿಲ್ಲ. ಕಾನೂನಿನ ಪ್ರಕಾರ ಅದು ಸರಿಯಿರಬಹುದು. ಬೆಳ್ಳಿಯ ಒಡೆತನ ವಿಮೆಯ ಲೆಕ್ಕದಲ್ಲಿ ಬ್ರಿಟಿಷ್ ಸರ್ಕಾರದ್ದು. ನಾವು ಕೇಳುತ್ತಿರುವುದು ಆ ಲೆಕ್ಕವನ್ನಲ್ಲ.

ಖಲಾಸಿಗಳನ್ನು ಇಂಗ್ಲಿಷರು 'ಲಾಸ್ಕರ್' ಎಂದರು. ನಮ್ಮ ಉರ್ದು, ಫಾರಸಿಯ 'ಲಷ್ಕರ್' ಅವರ ಬಾಯಲ್ಲಿ ಹಾಗಾಯಿತು. ಕಲ್ಕತ್ತೆಯಿಂದ ಹೊರಡುತ್ತಿದ್ದ ಹಡಗುಗಳಲ್ಲಿ ಸಿಲ್ಹೆಟ್, ನೊವಾಖಾಲಿ, ಚಿತ್ತಗಾಂಗ್ ಕಡೆಯ ಮುಸಲ್ಮಾನರು ಬಹಳ. ಮುಂಬಯಿಯ ಹಡಗುಗಳಲ್ಲಿ ಕೊಂಕಣದ ಮುಸಲ್ಮಾನರು, ಗೋವೆಯ ಕ್ರೈಸ್ತರು. ಎರಡನೆಯ ಮಹಾಯುದ್ಧ ಶುರುವಾದಾಗ ಒಬ್ಬ ಖಲಾಸಿಯ ಸಂಬಳ ಅದೇ ಹಡಗಿನ ಬಿಳಿಯ ನಾವಿಕನ ಸಂಬಳದ ಸುಮಾರು ನಾಲ್ಕನೆಯ ಒಂದು ಭಾಗ. ಮಲಗಲು ಕೊಡುತ್ತಿದ್ದ ಜಾಗವೂ ಕಿರಿದು. 1939ರಲ್ಲಿ ಇವರು ಹೆಚ್ಚಿನ ಸಂಬಳ ಕೇಳಿ ಮುಷ್ಕರ ಹೂಡಿದಾಗ ಅನೇಕರನ್ನು ಜೈಲಿಗೆ ಹಾಕಿದರು. ಆ ಯುದ್ಧದಲ್ಲಿ ಆರು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರು ಸತ್ತರು. ಲಂಡನ್ನಿನ ಟವರ್ ಹಿಲ್‌ನಲ್ಲಿ ಬ್ರಿಟಿಷ್ ವ್ಯಾಪಾರಿ ಹಡಗುಗಳ ನಾವಿಕರ ಹೆಸರುಗಳನ್ನು ಕಂಚಿನ ಫಲಕಗಳಲ್ಲಿ ಕೆತ್ತಿದ್ದಾರೆ. ನಮ್ಮವರ ಹೆಸರುಗಳು ಮುಂಬಯಿ ಮತ್ತು ಚಿತ್ತಗಾಂಗ್‌ಗಳಲ್ಲಿ ಇಟ್ಟ ಪುಸ್ತಕದಲ್ಲಿವೆ. ಕಂಚು ಬೀದಿಯಲ್ಲಿ ನಿಂತು ಮಾತಾಡುತ್ತದೆ. ಪುಸ್ತಕವನ್ನು ಯಾರಾದರೂ ಹೋಗಿ ತೆರೆಯಬೇಕು.

ನೀರಿನಲ್ಲಿ ಮುಳುಗಿ ಸತ್ತವನನ್ನು ಶಹೀದರ ಸಾಲಿನಲ್ಲಿ ಎಣಿಸುವುದು ನಮ್ಮ ಸಂಪ್ರದಾಯ. ದುಡಿದವನ ಮಜೂರಿಯನ್ನು ತಡಮಾಡದೆ ಕೊಡಬೇಕೆಂಬುದು ನಮ್ಮ ಧರ್ಮದ ಕಟ್ಟಳೆ. ಈ ಎರಡನ್ನೂ ನಂಬುವ ಮನೆಯಲ್ಲಿ ಮುಳುಗಿದ ಹಡಗಿನ ನಾಣ್ಯ ಗಾಜಿನ ಕಪಾಟಿನ ಅಲಂಕಾರವಾಗುವುದು ಹೇಗೆ? ಮುಳುಗಿದ ಹಡಗು ಎಂದರೆ ಒಂದು ಖಬರಸ್ತಾನ. ಲಕ್ಷ್ಮೇಶ್ವರದ ದೂಧನಾನಾ ದರ್ಗಾದ ಪಕ್ಕದ ಗೋರಿಗಳನ್ನು ಅಗೆದು ಒಂದು ಉಂಗುರ ತಂದು ಮಾರಿದರೆ ಊರು ಸುಮ್ಮನಿರುತ್ತದೆಯೇ? ನೆಲದ ಮೇಲಿನ ಗೋರಿಗೆ ಒಂದು ನ್ಯಾಯ, ನೀರೊಳಗಿನ ಗೋರಿಗೆ ಇನ್ನೊಂದು ನ್ಯಾಯವೇ?

ನಮ್ಮ ಮಾತಿಗೆ ಎದುರು ವಾದಗಳಿವೆ. ಅವುಗಳನ್ನು ಮುಚ್ಚಿಡುವುದು ಸಲ್ಲ. ಮೊದಲನೆಯದು ಶರೀಅತ್ತಿನಿಂದಲೇ ಬರುತ್ತದೆ. ಕಡಲು ತಾನಾಗಿ ದಡಕ್ಕೆ ಎಸೆದದ್ದು ಒಡೆಯನದು, ಒಡೆಯ ಆಸೆ ಬಿಟ್ಟಮೇಲೆ ಮುಳುಗಿ ತೆಗೆದದ್ದು ತೆಗೆದವನದು ಎಂದು ಹಿಂದಿನ ಕೆಲವು ಫಕೀಹರು ಹೇಳಿದ್ದಾರೆ. ಸರಿ. ಆದರೆ ಅದೇ ಶರೀಅತ್ತು ನೆಲದಲ್ಲಿ ಸಿಕ್ಕ ಹಳೆಯ ನಿಧಿಯಲ್ಲಿ ಐದನೆಯ ಒಂದು ಭಾಗವನ್ನು ಸಮುದಾಯಕ್ಕೆ ಕೊಡಿಸುತ್ತದೆ. ಬಿದ್ದು ಸಿಕ್ಕ ವಸ್ತುವನ್ನು ಒಂದು ವರ್ಷ ಸಾರಿ ಒಡೆಯನನ್ನು ಹುಡುಕಲು ಹೇಳುತ್ತದೆ. ಬಂಗಾರ, ಬೆಳ್ಳಿಯನ್ನು ಕೂಡಿಟ್ಟು ದೇವರ ದಾರಿಯಲ್ಲಿ ಖರ್ಚು ಮಾಡದವರನ್ನು ಕುರ್‌ಆನ್ ಎಚ್ಚರಿಸಿರುವಷ್ಟು ಕಟುವಾಗಿ ಬೇರಾರೂ ಎಚ್ಚರಿಸಿರಲಿಕ್ಕಿಲ್ಲ. ಮುಳುಗಿ ತೆಗೆದವನ ಕೂಲಿಯನ್ನು ನಾವು ಪ್ರಶ್ನಿಸುತ್ತಿಲ್ಲ. ಸಿಕ್ಕದ್ದರಲ್ಲಿ ಸತ್ತವರ ವಾರಸುದಾರರಿಗೂ ಸಮುದಾಯಕ್ಕೂ ಏನೂ ಇಲ್ಲ ಎನ್ನುವ ವ್ಯಾಪಾರಕ್ಕೆ ಆ ಫಕೀಹರ ಮಾತು ರುಜು ಹಾಕುವುದಿಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಲ್ಲೇ 'ಫಕೀರ' ಇದ್ದಾನೆ. ಕೈಯಲ್ಲಿ ಏನನ್ನೂ ಉಳಿಸಿಕೊಳ್ಳದವನು ಎಂದು ಆ ಪದದ ಅರ್ಥ. ಹಿಂದೂ, ಮುಸ್ಲಿಂ ಎನ್ನದೆ ಈ ಸೀಮೆಯ ಜನ ಯಾರ ಗದ್ದುಗೆಗೆ ತಲೆಬಾಗಿದರು ಎಂಬುದನ್ನು ನೆನೆದರೆ ಸಾಕು.

ಎರಡನೆಯ ವಾದ: ಹಣದ ಆಸೆ ಇಲ್ಲದಿದ್ದರೆ ಯಾರೂ ಅಷ್ಟು ಆಳಕ್ಕೆ ಇಳಿಯುವುದಿಲ್ಲ, ನಾಣ್ಯಗಳು ಕೆಸರಿನಲ್ಲೇ ಇರುತ್ತವೆ. ಇದಕ್ಕೆ ಉತ್ತರ ಈಗಾಗಲೇ ಸಿಕ್ಕಿದೆ. 2015ರ ಫೆಬ್ರುವರಿಯಲ್ಲಿ ಇಸ್ರೇಲಿನ ಕರಾವಳಿಯ ಕೈಸಾರಿಯಾ ಬಂದರಿನ ನೀರಲ್ಲಿ ಹವ್ಯಾಸಿ ಮುಳುಗುಗಾರರಿಗೆ ಬಂಗಾರದ ದೀನಾರುಗಳು ಸಿಕ್ಕವು. ಅವರು ಅಧಿಕಾರಿಗಳಿಗೆ ತಿಳಿಸಿದರು. ಸುಮಾರು 2,000 ನಾಣ್ಯಗಳು ಮೇಲೆ ಬಂದವು. ಬಹುಪಾಲು ಫಾತಿಮಿ ಖಲೀಫರಾದ ಅಲ್-ಹಾಕಿಂ ಮತ್ತು ಅಲ್-ಜಾಹಿರ್ ಕಾಲದವು, ಅಂದರೆ ನಮ್ಮ ಅತ್ತಿಮಬ್ಬೆಯ ಸಮಕಾಲೀನರವು. ಸಿಸಿಲಿಯ ಪಲೆರ್ಮೊದಲ್ಲಿ ಅಚ್ಚಾದ ಕಾಲು ದೀನಾರವೂ ಅವುಗಳಲ್ಲಿತ್ತು. ಕೆಲವು ನಾಣ್ಯಗಳ ಮೇಲೆ ಹಲ್ಲಿನ ಗುರುತುಗಳಿದ್ದವು. ಯಾರೋ ವರ್ತಕ ಕಚ್ಚಿ ಪರೀಕ್ಷಿಸಿದ್ದ. ಕೈರೋಗೆ ಒಯ್ಯುತ್ತಿದ್ದ ತೆರಿಗೆಯೋ, ಕಾವಲು ಪಡೆಗೆ ಕೊಡಬೇಕಿದ್ದ ಸಂಬಳವೋ ಆಗಿರಬಹುದೆಂದು ತಜ್ಞರು ಊಹಿಸಿದರು. ಎಲ್ಲ ನಾಣ್ಯಗಳೂ ಒಟ್ಟಿಗೆ ಉಳಿದದ್ದರಿಂದ ಇಷ್ಟು ಹೇಳಲು ಸಾಧ್ಯವಾಯಿತು. ಅವು ಎರಡು ಸಾವಿರ ಡಬ್ಬಿಗಳಲ್ಲಿ ಎರಡು ಸಾವಿರ ಮನೆ ಸೇರಿದ್ದರೆ ಎರಡು ಸಾವಿರ ತುಂಡು ಬಂಗಾರ ಉಳಿಯುತ್ತಿತ್ತು, ಅಷ್ಟೆ.

ಸ್ಪೇನಿನ 'ಮೆರ್ಸೆಡಿಸ್' ಹಡಗಿನ ವ್ಯಾಜ್ಯ ಇನ್ನೂ ಪಾಠ ಕಲಿಸುತ್ತದೆ. 1804ರಲ್ಲಿ ಬ್ರಿಟಿಷರು ಹೊಡೆದಾಗ ಅದು ಸಿಡಿದು ಮುಳುಗಿತು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರಲ್ಲಿ ಅದೇ ಒಡಿಸ್ಸಿ ಕಂಪನಿ ಅಲ್ಲಿಂದ ಐದು ಲಕ್ಷಕ್ಕೂ ಹೆಚ್ಚು ಬೆಳ್ಳಿ ಮತ್ತು ಬಂಗಾರದ ನಾಣ್ಯಗಳನ್ನು ಎತ್ತಿ ಅಮೆರಿಕಕ್ಕೆ ಸಾಗಿಸಿತು. ಅಮೆರಿಕದ ನ್ಯಾಯಾಲಯಗಳೇ ಅದು ಸ್ಪೇನಿನ ಹಡಗು, ಸ್ಪೇನಿನ ಸತ್ತವರ ಜಾಗ ಎಂದು ತೀರ್ಪು ಕೊಟ್ಟವು. 2012ರಲ್ಲಿ ನಾಣ್ಯಗಳು ಸ್ಪೇನಿಗೆ ಮರಳಿ ಮ್ಯೂಸಿಯಂ ಸೇರಿದವು. ಆದರೆ ಆ ಬೆಳ್ಳಿ ದಕ್ಷಿಣ ಅಮೆರಿಕದ ಗಣಿಗಳಿಂದ ಬಂದದ್ದು, ನಾಣ್ಯಗಳು ಲಿಮಾದಲ್ಲಿ ಅಚ್ಚಾದವು ಎಂದು ಪೆರು ದೇಶ ಕೇಳಿದ ಪಾಲಿಗೆ ಬೆಲೆ ಸಿಗಲಿಲ್ಲ. ಗಣಿಯಲ್ಲಿ ಸತ್ತವನಿಗೆ ಅಲ್ಲಿಯೂ ಜಾಗವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋದದ್ದನ್ನು ನಾವು ಲೂಟಿ ಎನ್ನುತ್ತೇವೆ. ಕಡಲಿನಿಂದ ಹೋದದ್ದಕ್ಕೆ 'ಶೋಧ' ಎಂಬ ಮರ್ಯಾದೆಯ ಹೆಸರು.

ಮೂರನೆಯ ವಾದವನ್ನು ನಾವು ಗೌರವದಿಂದ ಕೇಳುತ್ತೇವೆ. ಸಂಗ್ರಾಹಕರು ಇಲ್ಲದಿದ್ದರೆ ಎಷ್ಟೋ ನಾಣ್ಯಗಳು ಅಕ್ಕಸಾಲಿಗನ ಮೂಸೆ ಸೇರುತ್ತಿದ್ದವು ಎಂಬುದು ಸತ್ಯ. ಎ.ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಕರ್ನಾಟಕದ ನಾಣ್ಯಗಳನ್ನು ಅಭ್ಯಾಸ ಮಾಡಿ ಬರೆದದ್ದರಿಂದ ನಮ್ಮ ಚರಿತ್ರೆಯ ಎಷ್ಟೋ ಮೂಲೆಗಳಿಗೆ ಬೆಳಕು ಬಿತ್ತು. ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಎಂದು ಬರೆದಿಟ್ಟು, ಕೇಳಿದವರಿಗೆ ತೋರಿಸುವ ಸಂಗ್ರಾಹಕ ನಮ್ಮ ಬಂಧು. ಎಲ್ಲಿಂದ ಬಂತೆಂದು ಕೇಳದವನು ಬರೀ ಗಿರಾಕಿ. ಅವನ ಆಸೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 1857ರಲ್ಲಿ ನಾಲ್ಕುನೂರಕ್ಕೂ ಹೆಚ್ಚು ಜನರೊಡನೆ ಮುಳುಗಿದ ಅಮೆರಿಕದ 'ಸೆಂಟ್ರಲ್ ಅಮೆರಿಕಾ' ಹಡಗಿನ ಕತೆ ನೋಡಬಹುದು. ಅದರ ಬಂಗಾರ ಎತ್ತಿದ ಟಾಮಿ ಥಾಂಪ್ಸನ್, ಹಣ ಹೂಡಿದವರಿಗೂ ಪಾಲು ಕೊಡದೆ, ಐನೂರು ನಾಣ್ಯ ಎಲ್ಲಿವೆ ಎಂದು ನ್ಯಾಯಾಲಯಕ್ಕೂ ಹೇಳದೆ 2015ರಿಂದ ವರ್ಷಗಟ್ಟಲೆ ಜೈಲಿನಲ್ಲಿ ಕುಳಿತ. ನಿಧಿಯ ಮೇಲೆ ಸರ್ಪ ಕಾವಲಿರುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರೆ. ಆ ಸರ್ಪ ಮನುಷ್ಯನೇ ಎಂದು ಅಮೆರಿಕದವರು ತೋರಿಸಿಕೊಟ್ಟರು.

ನಮ್ಮಲ್ಲಿ ಆ ಸರ್ಪ ಇಲ್ಲವೆಂದಲ್ಲ. ನಿಧಿಯ ಆಸೆಗೆ ಹಾಳುಬಿದ್ದ ಗುಡಿಯ ಗರ್ಭಗೃಹ ಅಗೆದವರು, ಬಸವಣ್ಣನ ಮೂರ್ತಿ ಒಡೆದವರು, ಹಳೆಯ ಗೋರಿ ತೋಡಿದವರ ಸುದ್ದಿ ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಪಾಯ ತೋಡುವಾಗ ಬಂಗಾರದ ನಾಣ್ಯ ಸಿಕ್ಕಿವೆ, ಅರ್ಧ ಬೆಲೆಗೆ ಕೊಡುತ್ತೇವೆ ಎಂದು ಹಿತ್ತಾಳೆ ಮಾರುವವರ ಬಲೆಗೆ ಬೀಳುವ ಓದಿದ ಮಂದಿಯೂ ಕಡಿಮೆಯಿಲ್ಲ. ಎಲ್ಲಿಂದ ಬಂತು ಎಂದು ಕೇಳದಿರುವ ಗುಣವೇ ಇಬ್ಬರನ್ನೂ ಬೆಳೆಸುತ್ತದೆ, ಹಿತ್ತಾಳೆ ಮಾರುವವನನ್ನೂ ಹಡಗಿನ ಬಂಗಾರ ಮಾರುವವನನ್ನೂ.

ಇದಕ್ಕೆ ಎದುರಾಗಿ ನಮ್ಮ ಕಣ್ಣ ಮುಂದೆಯೇ ಇನ್ನೊಂದು ನಡೆಯಿತು. 2026ರ ಜನವರಿಯಲ್ಲಿ ಲಕ್ಕುಂಡಿಯ ಸಾಧಾರಣ ಕುಟುಂಬವೊಂದು ಮನೆಯ ಪಾಯ ತೋಡುವಾಗ ಬಂಗಾರದ ಒಡವೆಗಳಿದ್ದ ತಾಮ್ರದ ಪಾತ್ರೆ ಸಿಕ್ಕಿತು. ಅವರು ಅದನ್ನು ಅಧಿಕಾರಿಗಳಿಗೆ ಒಪ್ಪಿಸಿದರು. ಕರ್ನಾಟಕದ 1962ರ ನಿಧಿ ಕಾಯ್ದೆಯನ್ನು ಓದಿ ಅವರು ಹಾಗೆ ಮಾಡಿದ್ದಲ್ಲ. ತಮ್ಮದಲ್ಲದ್ದು ತಮ್ಮದಲ್ಲ ಎಂಬ ಹಳ್ಳಿಯ ತಿಳಿವಳಿಕೆ ಅದು. ಉರ್ದುವಿನಲ್ಲಿ ಇದನ್ನು ಅಮಾನತ್ ಎನ್ನುತ್ತೇವೆ. ಹರಾಜಿನ ಕಂಪನಿಗಳು ಕಲಿಯಬೇಕಾದ ಪಾಠವನ್ನು ಅಚ್ಚಿನ ಊರು ಕಲಿಸಿತು.

ಹಾಗಾದರೆ ಆಗಬೇಕಾದ್ದೇನು? ನಮ್ಮ ದೇಶದ 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ನಾಣ್ಯ ಹೊರದೇಶಕ್ಕೆ ಹೋಗದಂತೆ ತಡೆಯುತ್ತದೆ. ಒಳಗೆ ಬರುವ ನಾಣ್ಯ ಯಾರ ಗೋರಿಯಿಂದ ಬಂತೆಂದು ಕೇಳುವುದಿಲ್ಲ. ನೀರೊಳಗಿನ ಪರಂಪರೆಯನ್ನು ವ್ಯಾಪಾರಕ್ಕೆ ಬಳಸಬಾರದೆಂಬ ಯುನೆಸ್ಕೋ ಒಪ್ಪಂದ 2001ರಲ್ಲಿ ರೂಪುಗೊಂಡು 2009ರಲ್ಲಿ ಜಾರಿಗೆ ಬಂತು. ಬ್ರಿಟನ್, ಅಮೆರಿಕಗಳಂತೆ ಭಾರತವೂ ಅದನ್ನು ಅಂಗೀಕರಿಸಿಲ್ಲ. ಆ ದೇಶಗಳಿಗೆ ಅವುಗಳ ಕಾರಣಗಳಿರಬಹುದು. ಸತ್ತವರನ್ನು ಕೊಟ್ಟ ನಮಗೇನು ಕಾರಣ? ನೂರು ವರ್ಷ ನೀರಲ್ಲಿದ್ದ ಹಡಗುಗಳಿಗೆ ಆ ಒಪ್ಪಂದ ಅನ್ವಯಿಸುತ್ತದೆ. 2022ಕ್ಕೆ 'ಈಜಿಪ್ಟ್' ಆ ವಯಸ್ಸು ತಲುಪಿದೆ, 2041ಕ್ಕೆ 'ಗೇರ್ಸೊಪ್ಪಾ' ತಲುಪಲಿದೆ. ಭಾರತ ಸರ್ಕಾರ ಆ ಒಪ್ಪಂದವನ್ನು ಸೇರಬೇಕು. ಮುಂಬಯಿಯ ಪುಸ್ತಕದಲ್ಲಿರುವ ಖಲಾಸಿಗಳ ಹೆಸರುಗಳನ್ನು ಹಡಗುವಾರು ಅಚ್ಚು ಹಾಕಿಸಿ ಎಲ್ಲರ ಕೈಗೂ ಸಿಗುವಂತೆ ಮಾಡಬೇಕು. ಲಕ್ಕುಂಡಿಯಲ್ಲಿ ಸಿಕ್ಕದ್ದು ಲಕ್ಕುಂಡಿಯಲ್ಲೇ, ಸಿಕ್ಕ ಜಾಗದ ವಿವರದೊಡನೆ, ಊರಿನ ಮಕ್ಕಳು ನೋಡುವಂತೆ ಇರಬೇಕು.

ಇದು ಹಳೆಯ ಕತೆಯೆಂದು ಕೈತೊಳೆದುಕೊಳ್ಳುವಂತಿಲ್ಲ. ಮಾಲೀಕರು ಸಂಬಳ ಕೊಡದೆ ಹಡಗಿನಲ್ಲೇ ಕೈಬಿಟ್ಟ ನಾವಿಕರ ಸಂಖ್ಯೆ 2024ರಲ್ಲಿ ಜಗತ್ತಿನಾದ್ಯಂತ ಮೂರು ಸಾವಿರ ದಾಟಿತು. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಇದ್ದವರು ಭಾರತೀಯರು. ಮಳೆ ಕೈಕೊಟ್ಟಾಗ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಂದ ಗೋವಾ, ಮಂಗಳೂರುಗಳಿಗೆ ದುಡಿಯಲು ಹೋಗುವವರೂ ಬೇರೆಯವರ ಸಂಪತ್ತು ಹೊರುವವರೇ. ಕೆಲಸದ ಜಾಗದಲ್ಲಿ ಸತ್ತರೆ ಅವರ ಹೆಸರೂ ಯಾವುದೋ ವಹಿಯ ಮೂಲೆಯಲ್ಲಿ ಉಳಿಯುತ್ತದೆ. ಇವರ ಹೆಸರು ಕೇಳಲು ಕಲಿತವನು ಖಲಾಸಿಯ ಹೆಸರನ್ನೂ ಕೇಳಿಯಾನು.

ನಮ್ಮ ಊರುಗಳ ನಾಣ್ಯಪ್ರಿಯರಲ್ಲಿ ನಮ್ಮ ಕೋರಿಕೆ ಚಿಕ್ಕದು. ಲೊಕ್ಕಿಯ ಗದ್ಯಾಣವನ್ನು ಓದಿ, ಪುತಳಿಯ ಹುಟ್ಟನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿ, ಆದಿಲ್‌ಶಾಹಿ ಲಾರಿಯನ್ನೋ ಟೀಪುವಿನ ಕಾಸನ್ನೋ ಮಕ್ಕಳ ಕೈಗೆ ಕೊಟ್ಟು ಅಕ್ಷರ ಓದಿಸಿ. ಮುಳುಗಿದ ಹಡಗಿನ ಹೊನ್ನನ್ನು ಯಾರಾದರೂ ಮುಂದೆ ಹಿಡಿದು 'ಇದು ಇತಿಹಾಸ' ಎಂದರೆ ಹಡಗಿನಲ್ಲಿದ್ದವರ ಹೆಸರಿನ ಪಟ್ಟಿ ಕೇಳಿ. ಪಟ್ಟಿ ಇಲ್ಲವೆಂದರೆ ಹಣ ಕಿಸೆಯಲ್ಲೇ ಇರಲಿ.